ಹತ್ತು ರೊಟ್ಟಿಯಿಂದ ಶುರುವಾದ ಚಿಕಿತ್ಸೆ

ಕೋವಿಡ್ ಗಲಾಟೆ ಮುಗಿದು ಎರಡು ವರ್ಷವಾಗಿತ್ತು. ಪೀಣ್ಯದ ಕಾರ್ಖಾನೆಗಳಲ್ಲಿ ಹದಿನೈದು ವರ್ಷ ಫಿಸಿಯೋಥೆರಪಿಸ್ಟ್ ಆಗಿ ದುಡಿದಿದ್ದ ನಾನು ಆಗ ಕಾಡುಗೋಡಿಯಲ್ಲಿ ಸಣ್ಣದೊಂದು ಕ್ಲಿನಿಕ್ ನಡೆಸುತ್ತಿದ್ದೆ. ಬೆಳಿಗ್ಗೆ ಲ್ಯಾಪ್‌ಟಾಪಿನವರ ಬೆನ್ನು, ಸಂಜೆ ಗಾರೆ ಕೆಲಸದವರ ಬೆನ್ನು. ಸೊಂಟನೋವಿನ ವಿಚಾರದಲ್ಲಿ ನನಗೆ ತಿಳಿಯದ್ದು ಏನೂ ಉಳಿದಿಲ್ಲ ಎಂಬ ಜಂಬವೂ ಸಾಕಷ್ಟಿತ್ತು. ಅದನ್ನು ಇಳಿಸಿದವರು ಶರಣವ್ವ.

ಶರಣವ್ವ ಕೊಪ್ಪಳ ಕಡೆಯವರು, ವಯಸ್ಸು ನಲವತ್ತೆರಡು. ಬಾಡಿಗೆ ರೂಮಿನಲ್ಲೇ ಜೋಳದ ರೊಟ್ಟಿ ಖಾನಾವಳಿ ಇಟ್ಟುಕೊಂಡಿದ್ದರು. ಸುತ್ತಲ ಕಟ್ಟಡಗಳಲ್ಲಿ ದುಡಿಯುವ ತಮ್ಮ ಕಡೆಯ ಜನಕ್ಕೆ ದಿನಕ್ಕೆ ನೂರಿಪ್ಪತ್ತು ರೊಟ್ಟಿ ತಟ್ಟುತ್ತಿದ್ದವರು, ಎಂಟು ತಿಂಗಳ ಸೊಂಟನೋವಿನಿಂದ ಮೂವತ್ತಕ್ಕೆ ಬಂದು ನಿಂತಿದ್ದರು. ಸೆಂಟ್ರಿಂಗ್ ಕೆಲಸ ಮಾಡುವ ಗಂಡ ಬಸಣ್ಣ ಸ್ಕ್ಯಾನ್ ಕವರ್ ಹಿಡಿದು ಜೊತೆಗೆ ಬಂದಿದ್ದರು. ರಿಪೋರ್ಟಿನಲ್ಲಿ ‘ಡಿಸ್ಕ್ ಬಲ್ಜ್’ ಎಂದಿತ್ತು. ಬೆನ್ನುಮೂಳೆಗಳ ನಡುವಿನ ಮೆತ್ತನೆಯ ಬಿಲ್ಲೆ ಕೊಂಚ ಉಬ್ಬಿದೆ ಎಂದರ್ಥ. ನೋವೇ ಇಲ್ಲದವರಲ್ಲೂ ಇದು ಕಾಣುತ್ತದೆ. ಕಾಲು ಜೋಮು ಹಿಡಿಯುವುದು, ಮೂತ್ರದ ತೊಂದರೆ ಮುಂತಾದ ಅಪಾಯದ ಗುರುತು ಯಾವುದೂ ಇರಲಿಲ್ಲ. ಆದರೆ ಬಗ್ಗಿದರೆ ಬೆನ್ನು ಮುರಿಯುತ್ತದೆ ಎಂದು ಯಾರೋ ಹೆದರಿಸಿದ್ದರು. ಅಂದಿನಿಂದ ಸೊಂಟಕ್ಕೆ ಬಿಗಿಯಾದ ಬೆಲ್ಟು ಬಂದಿತ್ತು.

“ಖಾನಾವಳಿ ಮುಚ್ಚಿ ಊರಿಗೆ ಹೋಗೂಣು ಅಂತಾರ್ರಿ ಇವ್ರು,” ಎಂದರು ಶರಣವ್ವ. “ನಾ ಅಂತ ಕಟ್ಟಿದ್ದು ಅದೊಂದ ಐತ್ರಿ, ಮೇಡಂ.”

ನಾನು ಪುಸ್ತಕದ ಪಾಠ ಒಪ್ಪಿಸಿದೆ. ನೆಲದ ಮೇಲೆ ಕೂರಲೇಬೇಡಿ, ಅಡುಗೆ ಕಟ್ಟೆಯ ಮುಂದೆ ನಿಂತು ರೊಟ್ಟಿ ಮಾಡಿ ಎಂದೆ. ನಾಲ್ಕು ವ್ಯಾಯಾಮ ಬರೆದುಕೊಟ್ಟೆ. ಐದು ವಾರ ಚಾಚೂ ತಪ್ಪದೆ ಪಾಲಿಸಿ ಬಂದರು. “ನೀವು ಹೇಳಿದಂಗ ಮಾಡೀನ್ರಿ. ಈಗ ಬೆನ್ನಿನ ಜೋಡಿ ಭುಜಾನೂ ಹಿಡದೈತಿ.” ರೊಟ್ಟಿ ಹದಿನೈದಕ್ಕೆ ಇಳಿದಿತ್ತು. ನನಗೆ ನಾಚಿಕೆಯಾಯಿತು, ಸ್ವಲ್ಪ ಸಿಟ್ಟೂ ಬಂತು. ಎರಡೂ ನನ್ನ ಮೇಲೆಯೇ.

ಮಾರನೆಯ ದಿನ ಅವರ ರೂಮಿಗೇ ಹೋದೆ. ಕಟ್ಟೆ ಅವರ ಎದೆಯ ಹತ್ತಿರಕ್ಕೆ ಬರುತ್ತಿತ್ತು. ತುದಿಗಾಲಲ್ಲಿ ನಿಂತು, ಉಸಿರು ಕಟ್ಟಿ, ಬೆಲ್ಟಿನೊಳಗೆ ಬೆನ್ನು ಸೆಟೆಸಿಕೊಂಡು ಬರೀ ತೋಳಿನ ಬಲದಲ್ಲಿ ತಟ್ಟುತ್ತಿದ್ದರು. ಬಡಬಡ ಸಲಹೆ ಕೊಡುವ ಮೊದಲು ನಾನು ಒಮ್ಮೆಯೂ ಜೋಳದ ರೊಟ್ಟಿ ತಟ್ಟುವುದನ್ನು ನಿಂತು ನೋಡಿದವಳಲ್ಲ.

“ಮೊದಲು ಹೇಗೆ ಕೂರ್ತಿದ್ರಿ, ತೋರಿಸಿ,” ಎಂದೆ.

“ಬ್ಯಾಡ ಅಂದವ್ರು ನೀವ ಅಲ್ರಿ?”

“ನಾನೇ. ತಪ್ಪು ಹೇಳಿದ್ದೆ.”

ಬೆಲ್ಟು ಬಿಚ್ಚಿ, ಮಣೆಯ ಮೇಲೆ ಒಂದು ಕಾಲು ಮಡಚಿ ಇನ್ನೊಂದು ಚಾಚಿ ಕುಳಿತರು. ಮೊದಲ ರೊಟ್ಟಿಗೆ ಹೆದರಿದರು. ಮೂರನೆಯದಕ್ಕೆ ಮೈ ಹಳೆಯ ಲಯಕ್ಕೆ ಬಂತು. ಪ್ರತಿ ತಟ್ಟಿಗೂ ಸೊಂಟ ಹಗುರವಾಗಿ ಮುಂದೆ ಹಿಂದೆ ತೂಗುತ್ತಿತ್ತು. ನೋವು ಹೇಗಿದೆ ಎಂದೆ. “ಐತ್ರಿ. ಆದ್ರ ಗದ್ಲ ಮಾಡವಲ್ದು.”

ಆ ಬೆನ್ನಿಗೆ ಬೇಕಾಗಿದ್ದದ್ದು ಕಾವಲಲ್ಲ, ಅಭ್ಯಾಸ. ಹಾಗಾಗಿ ರೊಟ್ಟಿಯನ್ನೇ ಔಷಧಿಯ ಡೋಸ್ ಮಾಡಿಕೊಂಡೆವು. ಹತ್ತು ರೊಟ್ಟಿ, ಎದ್ದು ಬೀದಿ ನಲ್ಲಿಯ ತನಕ ನಡಿಗೆ, ಮತ್ತೆ ಹತ್ತು. ದಿನಕ್ಕೆ ಮೊದಲು ಇಪ್ಪತ್ತು, ವಾರ ವಾರಕ್ಕೆ ಐದು ಹೆಚ್ಚು. ನೋವಿನ ದಿನ ಪೂರ್ತಿ ನಿಲ್ಲಿಸುವಂತಿಲ್ಲ, ಚೆನ್ನಾಗಿರುವ ದಿನ ಮೀರುವಂತಿಲ್ಲ. ನನ್ನ ಡಂಬೆಲ್ ಮೂಲೆ ಸೇರಿತು. ಐದು ಕಿಲೋ ಹಿಟ್ಟಿನ ಚೀಲ ಬಗ್ಗಿ ಎತ್ತುವುದರಿಂದ ಶುರುಮಾಡಿ ಇಪ್ಪತ್ತು ಕಿಲೋಗೆ ಏರಿದೆವು. ನಡುವೆ ಒಂದು ಭಾನುವಾರ ಹುರುಪಿನಲ್ಲಿ ಎಂಬತ್ತು ತಟ್ಟಿ ಮೂರು ದಿನ ಮಲಗಿದರು. ಬಸಣ್ಣ ಮತ್ತೆ ಊರಿನ ಮಾತು ತೆಗೆದರು. ಲೆಕ್ಕ ಮೀರಿದ್ದಕ್ಕೆ ಶರಣವ್ವನಿಗೆ ನಾನು ಚೆನ್ನಾಗಿ ಬೈದೆ. ನಾಲ್ಕನೆಯ ದಿನ ಮತ್ತೆ ಹತ್ತರಿಂದಲೇ ಶುರುಮಾಡಿದರು.

ಆರು ತಿಂಗಳಾದ ಮೇಲೆ ಊಟಕ್ಕೆ ಕರೆದರು. ಅಂದು ನೂರಿಪ್ಪತ್ತೂ ತಟ್ಟಿ ಆಗಿತ್ತು. ಬಾಗಿಲಲ್ಲಿ ಚಪ್ಪಲಿಗಳ ರಾಶಿ, ಬಡಿಸಲು ನಿಂತವರು ಸಾಕ್ಷಾತ್ ಬಸಣ್ಣ. ಸೊಂಟದ ಬೆಲ್ಟನ್ನು ಹಿಟ್ಟಿನ ಡಬ್ಬಿಗೆ ಬಿಗಿದಿದ್ದರು, ಅದರ ಮುಚ್ಚಳ ಸಡಿಲವಂತೆ. ನೋವು ಆಗೊಮ್ಮೆ ಈಗೊಮ್ಮೆ ಬರುತ್ತದೆ, ಬಂದರೆ ಏನು ಮಾಡಬೇಕೆಂದು ಗೊತ್ತಿದೆ ಎಂದರು ಶರಣವ್ವ. ನನಗೆ ಹಿಗ್ಗೋ ಹಿಗ್ಗು.

ನೆಲದ ಮೇಲೆ ಕುಳಿತು ಮೂರನೆಯ ರೊಟ್ಟಿ ಮುಗಿಸುವಷ್ಟರಲ್ಲಿ ನನ್ನ ಸೊಂಟ ಹಿಡಿಯಿತು. ಮೆಲ್ಲಗೆ ಗೋಡೆಗೆ ಒರಗಿದ್ದನ್ನು ಶರಣವ್ವ ನೋಡಿಯೇಬಿಟ್ಟರು.

ಅಂದಿನಿಂದ ನನ್ನ ಕೇಸ್ ಶೀಟಿನ ಮೊದಲ ಪ್ರಶ್ನೆ ಬದಲಾಗಿದೆ. ನೋವು ಎಲ್ಲಿ ಎಂದು ಆಮೇಲೆ ಕೇಳುತ್ತೇನೆ. ನಿಮ್ಮ ಕೆಲಸ ಮಾಡಿ ತೋರಿಸಿ ಎನ್ನುವುದು ಮೊದಲು. ಅದನ್ನು ಕಲಿಸಿದವರು ಅಂದು ನನಗೂ ಚಿಕಿತ್ಸೆ ಹೇಳಿದರು.

“ಏಳ್ರಿ ಮೇಡಂ, ನಲ್ಲಿ ತನಕ ಹೋಗಿ ಬರ್ರಿ. ಆಮ್ಯಾಲೆ ಮತ್ತ ಕುಂದ್ರೂವಂತ್ರಿ.”

ಎದ್ದು, ಕೈ ತೊಳೆದು, ನಲ್ಲಿಯ ತನಕ ಹೋಗಿ ಬಂದೆ.