ಇಡ್ಲಿಯಿಂದ ಕಾಫಿಯವರೆಗೆ

ಹೋಟೆಲಿನ ಮೇಜು ಒರೆಸುವ ಹಸಿ ಬಟ್ಟೆಗೆ ಅದರದೇ ಒಂದು ವಾಸನೆ ಇರುತ್ತದೆ. ಸಾಂಬಾರು, ಚೆಲ್ಲಿದ ಕಾಫಿ, ಸೋಪಿನ ನೀರು ಎಲ್ಲ ಕೂಡಿ ಹುಳಿತ ವಾಸನೆ. ಹೋದ ತಿಂಗಳು ಬಿಳಿಕೆರೆಯಲ್ಲಿ ಕೆ.ಆರ್. ನಗರದ ಬಸ್ಸಿಗೆ ಕಾಯುತ್ತ ರಸ್ತೆ ಬದಿಯ ಹೋಟೆಲೊಂದರಲ್ಲಿ ಕುಳಿತಿದ್ದೆ. ಹುಡುಗಿಯೊಬ್ಬಳು ಬಂದು ಮೇಜು ಒರೆಸಿ, ಏನು ಬೇಕು ಎಂದಳು. ನನಗೆ ಮಾತೇ ಹೊರಡಲಿಲ್ಲ. ಹೀಗೆ ಬರೆದರೆ ಅದು ನಾಟಕವಾಗುತ್ತದೆ. ನಿಜವಾಗಿ ಆದದ್ದು ಇಷ್ಟೇ: ಕಾಫಿ ಎಂದೆ, ತಂದಳು, ಕುಡಿದೆ. ಅಷ್ಟು ಸುಲಭವಾಗಿ ಆ ಪದ ನನ್ನ ಬಾಯಿಂದ ಬಂತಲ್ಲ ಎಂಬುದು ಕುಡಿದಾದ ಮೇಲೆ ಹೊಳೆಯಿತು.

ಹ್ಯಾಂಡ್‌ಪೋಸ್ಟ್ ಎಂಬ ನಮ್ಮೂರಿನಲ್ಲಿ ನಮ್ಮಪ್ಪನ ಹೋಟೆಲಿತ್ತು. ಅಲ್ಲಿ ಮೊದಲಿನಿಂದ ಇದ್ದ ಸಪ್ಲೈಯರ್ ಒಬ್ಬರನ್ನು ನಾನು ಅಣ್ಣ ಎನ್ನುತ್ತಿದ್ದೆ. ಬಸ್ಸು ನಿಲ್ಲುತ್ತಿದ್ದದ್ದು ಸ್ವಲ್ಪ ಹೊತ್ತು. ಇಳಿದವರು ಕೂರುವಷ್ಟರಲ್ಲಿ ಅಣ್ಣ ಒಂದೇ ಉಸಿರಿಗೆ ಹೇಳಿ ಮುಗಿಸುತ್ತಿದ್ದರು: ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಪೂರಿ, ಸೆಟ್ ದೋಸೆ, ಮಸಾಲೆ ದೋಸೆ, ಟೀ, ಕಾಫಿ. ಎಷ್ಟು ವರ್ಷ ಹೀಗೆ ಹೇಳಿದರೋ... ಅಪ್ಪ ಹೋದ ಮೇಲೆ ಗಲ್ಲಾದಲ್ಲಿ ನಾನು ಕೂತೆ. ಆಗಲೂ ಅವರೇ ಹೇಳುತ್ತಿದ್ದರು.

ಒಂದು ದಿನ ಅವರಿಗೆ ಲಕ್ವ ಹೊಡೆಯಿತು. ಮೈಸೂರಿನ ಆಸ್ಪತ್ರೆಯಿಂದ ಬಂದಾಗ ಬಲಗೈ ಜೋತುಬಿದ್ದಿತ್ತು, ಬಲಗಾಲು ಎಳೆಯುತ್ತಿತ್ತು, ಮಾತು ಹೋಗಿತ್ತು. ನಾವಾಡಿದ್ದು ಅವರಿಗೆ ಪೂರ್ತಿ ಅರ್ಥವಾಗುತ್ತಿತ್ತು. ಹೇಳಬೇಕಾದದ್ದೂ ಒಳಗೆ ಇರುತ್ತಿತ್ತು, ಅದಕ್ಕೆ ಪದ ಸಿಗುತ್ತಿರಲಿಲ್ಲ. ಚಮಚ ಹಿಡಿದುಕೊಂಡು ಚಮಚ ಎನ್ನಲಾಗದೆ ಅದನ್ನೇ ನೋಡುತ್ತಿದ್ದರು. ಉಳಿದದ್ದು ಆ ಪಟ್ಟಿ ಒಂದೇ. ಯಾರಾದರೂ 'ಇಡ್ಲಿ' ಎಂದು ಎತ್ತಿಕೊಟ್ಟರೆ ಕಾಫಿಯವರೆಗೂ ತಡೆಯಿಲ್ಲದೆ ಹರಿಯುತ್ತಿತ್ತು. ನಡುವೆ ನಿಲ್ಲಿಸಲು ಮಾತ್ರ ಆಗುತ್ತಿರಲಿಲ್ಲ. ಪೂರಿ ಬೇಕಿದ್ದರೂ ಪೂರಿಯನ್ನು ದಾಟಿ ಹೋಗಿಬಿಡುತ್ತಿದ್ದರು.

ದಿನಾ ಬೆಳಗ್ಗೆ ಕೋಲೂರಿಕೊಂಡು ಹೋಟೆಲಿಗೆ ಬರುತ್ತಿದ್ದರು. ಗೋಡೆ ಪಕ್ಕದ ಮೇಜು, ಒಂದು ಕಾಫಿ. "ಮಾತಾಡುಸ್ತಾ ಇರಿ ಅಂದವ್ರೆ ಕಣಪ್ಪ ಡಾಕ್ಟ್ರು" ಎಂದಿದ್ದರು ಅತ್ತಿಗೆ, ಅಂದರೆ ಅಣ್ಣನ ಹೆಂಡತಿ. ಆ ಮಾತನ್ನು ನಾನು ನನ್ನದೇ ರೀತಿಯಲ್ಲಿ ಕೈಗೆತ್ತಿಕೊಂಡೆ. ಲೋಟವನ್ನು ಅವರ ಕೈಗೆಟುಕದಷ್ಟು ದೂರ ಹಿಡಿದು, "ಏನ್ ಬೇಕು ಯೋಳಣ್ಣ. ಯೋಳುದ್ರೆ ಕೊಡ್ತೀನಿ" ಎನ್ನುತ್ತಿದ್ದೆ. ಅವರು ತುಟಿ ಒದ್ದಾಡಿಸಿ, ಕೊನೆಗೆ ಇಡ್ಲಿಯಿಂದ ಹೊರಟು ಕಾಫಿಗೆ ಬಂದು ತಲುಪುತ್ತಿದ್ದರು. ಗಿರಾಕಿಗಳು ಚಪ್ಪಾಳೆ ಹೊಡೆಯುತ್ತಿದ್ದರು. "ಪೂರಿ ಬುಟ್ಬುಟ್ಟೆ ಕಣಣ್ಣೋ, ಇನ್ನೊಂದ್ ರೌಂಡ್ ಆಗ್ಲಿ!" ಎಂದು ಬಾಳೆಕಾಯಿ ಲಾರಿಯ ಡ್ರೈವರ್ ಒಬ್ಬ ಸುಳ್ಳೇ ಕೂಗುತ್ತಿದ್ದ. ಅಣ್ಣನೂ ನಗುತ್ತಿದ್ದರು. ನಗುತ್ತಿದ್ದರು ಎಂದೇ ಇಷ್ಟು ವರ್ಷ ಎಲ್ಲರಿಗೂ ಹೇಳಿದ್ದೇನೆ. ಬಾಯಿ ಒಂದು ಕಡೆಗೆ ವಾಲಿದ ಮುಖದಲ್ಲಿ ನಗು ಯಾವುದು, ಉಳಿದದ್ದು ಯಾವುದು ಎಂದು ನಾನು ವಿಚಾರಿಸಿ ನೋಡಿದವನಲ್ಲ.

ಆ ದಿನ ಅವರು ಎರಡನೇ ಸಲ ಬಂದರು. ಬೆಳಗಿನ ಕಾಫಿ ಕುಡಿದು ಹೋಗಿ ಆಗಲೇ ಬಹಳ ಹೊತ್ತಾಗಿತ್ತು. ಬಿಸಿಲು ಏರಿತ್ತು, ಬಸ್ಸಿನ ಜನ ತುಂಬಿದ್ದರು. ಅಣ್ಣ ಬಾಗಿಲಲ್ಲೇ ನಿಂತು ಎಡಗೈಯಿಂದ ನನ್ನನ್ನು ಕರೆದರು. ಬಾಯಿ ತೆರೆದರು. ಬಂದದ್ದು "ಇಡ್ಲಿ". ಆಮೇಲೆ ವಡೆ, ಖಾರಾಬಾತ್...

"ಇನ್ನೊಂದ್ ಕಾಫಿನಾ? ಯಾವ್ದು ಬೇಕೋ ಅಲ್ಲಿ ನಿಲ್ಸಣ್ಣ, ಇವತ್ತು ನಿಲ್ಸುದ್ರೇನೇ" ಎಂದೆ. ಅವರು ಒಳಗೆ ಬಂದು ನನ್ನ ಮೇಜು ಬಡಿದರು. ಮತ್ತೆ ಮೊದಲಿಂದ ಹೇಳಿದರು. ಅವರ ಲುಂಗಿಯ ಅಂಚು ಒದ್ದೆಯಾಗಿ ಕಾಲಿಗೆ ಅಂಟಿತ್ತು. ಯಾರೋ ಅದನ್ನು ನೋಡಿ, "ಮಾಡ್ಕಂಡವ್ರೆ ಕಣ್ಲಾ" ಎಂದು ಪಿಸುಗುಟ್ಟಿ ಕಿಸಕ್ಕನೆ ನಕ್ಕರು. ನಾನು ಕಾಫಿ ತರಿಸಿ, ಲೋಟ ಮುಂದೆ ಹಿಡಿದು, ಎಂದಿನಂತೆ ಹಿಂದಕ್ಕೆಳೆದುಕೊಂಡೆ. ಮೂರನೇ ಸಲ ಪಟ್ಟಿ ಹೇಳುವಾಗ ಅವರ ದನಿ ಒಡೆದಿತ್ತು. ಕೈ ಬೀಸಿ ಲೋಟ ಹೊಡೆದುರುಳಿಸಿದರು. "ಇಂಗಾಡುದ್ರೆ ನಾಳೆಯಿಂದ ಬರ್‍ಬೇಡ ಬುಡು" ಎಂದು ಗದರಿದೆ. ಆಗ ಅವರು ನನ್ನ ಅಂಗಿಯ ಎದೆಯನ್ನು ಎಡಗೈಯಲ್ಲಿ ಹಿಡಿದು ಎಳೆಯತೊಡಗಿದರು.

ರಸ್ತೆಯುದ್ದಕ್ಕೂ ಎಳೆದುಕೊಂಡು ನಡೆದರು. ಇಡ್ಲಿ, ವಡೆ, ಖಾರಾಬಾತ್ ಎಂದು ಮೆಲ್ಲಗೆ, ಅಳುತ್ತ, ಹೇಳುತ್ತಲೇ ಇದ್ದರು. ಹಿಂದಿನ ಬೀದಿಯ ಕೊನೆಯಲ್ಲಿ ಅವರ ಮನೆ. ಪಕ್ಕದಲ್ಲಿ ಹಿಟ್ಟಿನ ಮಿಲ್ಲು ಓಡುತ್ತಿತ್ತು. ಹಿತ್ತಲಲ್ಲಿ ಒಗೆಯುವ ಕಲ್ಲಿನ ಪಕ್ಕ ಅತ್ತಿಗೆ ಸೋಪಿನ ನೀರಿನಲ್ಲಿ ಬಿದ್ದಿದ್ದರು. ಸೊಂಟ ಮುರಿದಿತ್ತು. ಕೂಗಿ ಕೂಗಿ ಗಂಟಲು ಕಟ್ಟಿತ್ತು, ಮಿಲ್ಲಿನ ಸದ್ದಿನಲ್ಲಿ ಯಾರಿಗೂ ಕೇಳಿಸಿರಲಿಲ್ಲ. ಅಣ್ಣ ಒಂದೇ ಕೈಯಲ್ಲಿ ಎತ್ತಲು ನೋಡಿದ್ದಾರೆ. ಲುಂಗಿ ಒದ್ದೆಯಾದದ್ದು ಹಾಗೆ.

ನಾನು ಅವರನ್ನು ಎಷ್ಟು ಹೊತ್ತು ನಿಲ್ಲಿಸಿಕೊಂಡಿದ್ದೆ? ಐದು ನಿಮಿಷ ಎಂದು ನನ್ನ ನೆನಪು. ಆದರೆ ಆ ಹೊತ್ತಿನಲ್ಲಿ ಒಂದು ಬಸ್ಸು ಹೋಗಿ ಇನ್ನೊಂದು ಬಂದು ನಿಂತಿತ್ತು ಎಂಬುದೂ ನನ್ನದೇ ನೆನಪು. ಅರ್ಧ ಗಂಟೆಗೊಂದು ಬಸ್ಸು ಬರುತ್ತಿದ್ದ ಕಾಲದಲ್ಲಿ ಇವೆರಡೂ ನಿಜವಾಗಲು ಸಾಧ್ಯವಿಲ್ಲ. ಇನ್ನೊಂದಿದೆ. ಅವರು ಅಂದು ಬರಿಗಾಲಲ್ಲಿ ಬಂದಿದ್ದರು, ಕೋಲೂ ಇರಲಿಲ್ಲ. ಅದನ್ನು ನಾನು ಕಂಡದ್ದು ಹಿತ್ತಲಲ್ಲಿ, ಆಮೇಲೆ, ಎಂದು ಬಹಳ ವರ್ಷ ನಂಬಿಕೊಂಡಿದ್ದೆ. ಸುಳ್ಳು. ಗಲ್ಲಾದಲ್ಲಿ ಕೂತಾಗಲೇ ಕಂಡಿತ್ತು. ಕಂಡರೂ ಇಷ್ಟು ಜನರ ಮುಂದೆ ಒಂದು ಸಲ ಹೇಳಿಸಿಬಿಡೋಣ ಎನಿಸಿತ್ತು...

ಆಸ್ಪತ್ರೆಯಿಂದ ಬಂದ ಅತ್ತಿಗೆಯನ್ನು ನೋಡಲು ಹೋದಾಗ ಅಣ್ಣ ಮಂಚದ ಪಕ್ಕ ನೆಲದ ಮೇಲೆ ಕೂತಿದ್ದರು. "ಅಷ್ಟೊತ್ತು ಬಿದ್ದಿದ್ದೆ ಕಣಪ್ಪ. ಏನ್ ಮಾಡೂದು, ಇವ್ರ ಕಾಲು ಕುಂಟು. ಎಳ್ಕಂಡ್ ಎಳ್ಕಂಡ್ ನಿನ್ ತಕ್ಕೆ ಬರಾಕೆ ಒತ್ತಾಯ್ತು" ಎಂದರು ಅತ್ತಿಗೆ. ಅಣ್ಣ ನನ್ನನ್ನೇ ನೋಡುತ್ತಿದ್ದರು. ನಾನು ಹೂಂ ಎಂದೆ. ನಡೆದದ್ದನ್ನು ಅಣ್ಣ ಹೇಳಲಾರರು ಎಂದು ನನಗೆ ಗೊತ್ತಿತ್ತು. ಆ ಕ್ಷಣ ನನಗಾದದ್ದು ನಿರಾಳ. ಅದಕ್ಕೆ ಬೇರೆ ಪದ ಹುಡುಕಿದ್ದೇನೆ, ಇಲ್ಲ.

ಅಣ್ಣ ಮತ್ತೆ ಹೋಟೆಲಿಗೆ ಬರಲಿಲ್ಲ. 'ಇಡ್ಲಿ' ಎಂದು ಎತ್ತಿಕೊಟ್ಟರೂ ಬಾಯಿ ಬಿಡುತ್ತಿರಲಿಲ್ಲವಂತೆ. ಎರಡು ವರ್ಷದ ಮೇಲೆ ಇನ್ನೊಂದು ಸಲ ಲಕ್ವ ಹೊಡೆದು ತೀರಿಕೊಂಡರು. ಹೋಟೆಲನ್ನು ನಾನು ಮುಚ್ಚಿದೆ. ಅತ್ತಿಗೆ ಸಾಲಿಗ್ರಾಮದಲ್ಲಿ ಮಗಳ ಮನೆ ಸೇರಿದರು.

ಬಿಳಿಕೆರೆಯಲ್ಲಿ ಕಾಫಿ ಕುಡಿದ ಆ ದಿನ ನಾನು ಕೆ.ಆರ್. ನಗರದಲ್ಲಿ ಇಳಿದು ನನ್ನ ಕೆಲಸಕ್ಕೆ ಹೋಗಬೇಕಿತ್ತು. ಇಳಿಯಲಿಲ್ಲ, ಸಾಲಿಗ್ರಾಮಕ್ಕೆ ಹೋದೆ. ಅತ್ತಿಗೆ ವಾಕರ್ ಮುಂದಿಟ್ಟುಕೊಂಡು ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. "ಯಾಕಪ್ಪ, ಇಂಗೆ ಇಳ್ದೋಗಿದೀಯೆ?" ಎಂದರು. ಕೂತು ಎಲ್ಲ ಹೇಳಿದೆ. ಲೋಟ ಹಿಂದೆಳೆದದ್ದು, ಜನ ನಕ್ಕದ್ದು, ಬರಿಗಾಲು ಕಂಡದ್ದು, ಹೂಂ ಎಂದದ್ದು. ಕಾಲು ತಡ ಮಾಡಿರಲಿಲ್ಲ, ತಡ ಮಾಡಿದ್ದು ನಾನು ಎಂದೆ.

ಬೈಯುತ್ತಾರೆ ಎಂದುಕೊಂಡಿದ್ದೆ. ಬೈಸಿಕೊಳ್ಳಲೆಂದೇ ಹೋಗಿದ್ದೆನೇನೋ. ಅವರು ಕೈಯಲ್ಲಿದ್ದ ಕಾಯನ್ನು ಸುಲಿಯದೆ ಹಾಗೇ ಹಿಡಿದುಕೊಂಡಿದ್ದರು.

"ಅದ್ಕಾ?" ಎಂದರು. "ನಾನು ಬಂದೋರ್‍ಗೆಲ್ಲ ಕಾಲಿನ್ ಮಾತು ಯೋಳ್ದಾಗ್ಲೆಲ್ಲ ಇವ್ರು ತಲೆ ಜೋರಾಗ್ ಅಲ್ಲಾಡ್ಸೋರು. ಮಂಚ ಬಡ್ಯೋರು. ಕುಂಟ ಅಂದ್ರೆ ರೋಸ ಬತ್ತದೆ ಅಂದ್ಕಂಡಿದ್ದೆ ಕಣಪ್ಪ ನಾನು. ನಗಾಡ್ತಿದ್ದೆ. ಸುಮ್ಕಿರಿ, ಇರೂದ್ನೇ ಅಂದಿವ್ನಿ ಅಂತಿದ್ದೆ... ಎರಡ್ ವರ್ಸ."

ಆಮೇಲೆ ಅವರು ನನ್ನ ಕಡೆ ನೋಡಲಿಲ್ಲ. ಒಳಗಿಂದ ಮಗಳು ಯಾರು ಬಂದವರು ಎಂದು ಕೇಳಿದಳು. ಅತ್ತಿಗೆ ಕೈಯಲ್ಲಿದ್ದ ಕಾಯನ್ನು ಸುಲಿಯದೆಯೇ ಬುಟ್ಟಿಗೆ ಹಾಕಿ ವಾಕರ್ ಹತ್ತಿರಕ್ಕೆ ಎಳೆದುಕೊಂಡರು.