ಯೋನಪ್ಪ ಮಾವ ಅಚ್ಚು ಹಾಕಿಸಿದ ಪುಸ್ತಕ

ಯೋನಪ್ಪ ಮಾವ ಪ್ರಾರ್ಥನೆಗೆ ಎದ್ದು ನಿಂತರೆ, ಅವನನ್ನು ಅರಿಯದವರು ಜಗಳಕ್ಕೆ ನಿಂತಿದ್ದಾನೆಂದೇ ತಿಳಿಯುತ್ತಿದ್ದರು. ಮೊದಲು ಅಂಗಿಯ ತೋಳು ಮೇಲೆ ಸರಿಸುತ್ತಿದ್ದ. ಹೆಗಲ ಮೇಲಿನ ಟಾವೆಲನ್ನು ಸೊಂಟಕ್ಕೆ ಬಿಗಿಯುತ್ತಿದ್ದ. ಉಳಿದವರೆಲ್ಲ ಕಣ್ಣು ಮುಚ್ಚಿ ತಲೆ ಬಾಗಿಸಿದರೆ ಅವನು ಕಣ್ಣು ತೆರೆದು, ಮನೆಯ ಸೂರಿನ ತಗಡನ್ನು ದುರುಗುಟ್ಟಿ ನೋಡುತ್ತ, "ಯಪ್ಪಾ, ಹ್ವಾದ ವಾರ ಹೇಳಿದ್ದು ಏನಾತು?" ಎಂದು ಶುರು ಮಾಡುತ್ತಿದ್ದ. ಸಣ್ಣವಳಿದ್ದಾಗ ನಾನು, ದೇವರೆಂದರೆ ಮಾವನಿಗೆ ಮಾತು ಕೊಟ್ಟು ತಪ್ಪಿಸಿಕೊಂಡು ತಿರುಗುವ ಯಾವನೋ ನೆಂಟನಿರಬೇಕು ಎಂದುಕೊಂಡಿದ್ದೆ.

ಹೋದ ರವಿವಾರ ನನ್ನ ಮೊಮ್ಮಗನ ದೀಕ್ಷಾಸ್ನಾನವಾಯಿತು. ಯೋನಪ್ಪ ಎಂದೇ ಹೆಸರಿಟ್ಟೆವು. ಚರ್ಚಿನ ಈಗಿನ ಪಾಳಕರು ನಮ್ಮ ಕಡೆಯವರೇ, ಕೂಸನ್ನು ಎತ್ತಿ ಹಿಡಿದು ಗಟ್ಟಿಯಾಗಿ ಆ ಹೆಸರು ಕರೆದರು. ನನಗೆ ಸಂತೋಷ ಹಿಡಿಯಲಾರದಷ್ಟಾಗಿದೆ. ಓಣಿಗೆಲ್ಲ ಸಕ್ಕರೆ ಹಂಚಿ, ಉಳಿದದ್ದನ್ನು ಇರುವೆಗಳಿಗೂ ಹಾಕಿ ಬಂದೆ. ಸೊಸೆ ಮಾತ್ರ, "ಇಷ್ಟು ಹಳೇ ಹೆಸರ ಯಾಕ ಬೇಕಿತ್ತ್ರಿ ಅತ್ತಿ?" ಎಂದಳು. ಹೇಳಲು ಬಾಯಿ ತೆರೆದರೆ ಸಕ್ಕರೆ ತಿಂದ ಬಾಯಲ್ಲಿ ಸಿಟ್ಟು ಬಂತು. ಇಷ್ಟು ವರ್ಷವಾದರೂ ಆರದ ಸಿಟ್ಟು. ನಾನು ಸಾಲಿ ಕಂಡವಳಲ್ಲ. ನಾಲ್ಕು ಅಕ್ಷರ ಕಲಿತದ್ದೇ ಮಾವನ ಪುಸ್ತಕದಿಂದ. ಆ ಅಕ್ಷರದಲ್ಲಿಯೇ ಅವನನ್ನು ಬರೆಯುತ್ತೇನೆ.

ಯೋನಪ್ಪ ನನ್ನ ತಾಯಿಯ ತಮ್ಮ, ಗೌಂಡಿ ಕೆಲಸದವನು. ಕಲ್ಲಿಗೂ ಬೈಯುತ್ತಿದ್ದ. "ನಿನಗ ಒಂದು ಮುಖ ಅಂತ ಐತೋ ಇಲ್ಲೋ" ಎಂದು ಅದನ್ನು ತಿರುಗಿಸಿ ತಿರುಗಿಸಿ ಗೋಡೆಯಲ್ಲಿ ಕೂರಿಸುವನು. ಅವನು ಬೈದು ಕೂರಿಸಿದ ಕಲ್ಲು ಅಲುಗಿದ್ದನ್ನು ನಾನು ನೋಡಿಲ್ಲ. ಸಂಖದ ಕಡೆಯ ನಮ್ಮ ಊರಿನ ಚರ್ಚು, ಅದರ ಮುಂದಿನ ಮೆಟ್ಟಿಲು, ಎಲ್ಲ ಅವನ ಕೈಯದೇ.

ಜತ್ತ ಸಂಸ್ಥಾನ ಮುಗಿದು ಸರಕಾರದಲ್ಲಿ ಕೂಡಿದ ಹೊಸತಿನ ಮಾತು ಇದು. ನಮ್ಮ ಮನೆಮಾತು ಕನ್ನಡ. ಕಚೇರಿ, ಸಾಲಿ, ಚರ್ಚು ಮೂರೂ ಮರಾಠಿ. ಪಾಳಕರೆಂದರೆ ನಮ್ಮ ಸಭೆಯ ಗುರುಗಳು. ಅವರು ಜತ್ತದಿಂದ ಸೈಕಲ್ ಮೇಲೆ ಬಂದು ಮರಾಠಿಯಲ್ಲಿ ಉಪದೇಶ ಮಾಡಿ ಹೋಗುತ್ತಿದ್ದರು. ಗಂಡಸರು ಸಂತೆ ತಿರುಗಿ ಮರಾಠಿ ಕಲಿತಿದ್ದರು. ಹೆಂಗಸರಾದ ನಾವು ಕಲಿತದ್ದು 'ಆಮೆನ್' ಒಂದೇ. ಅದನ್ನು ಎಲ್ಲಿ ಹೇಳಬೇಕೆಂಬುದೂ ಗಂಡಸರ ಬಾಯಿ ನೋಡಿಯೇ ಗೊತ್ತಾಗುತ್ತಿತ್ತು.

ನನ್ನ ಅಕ್ಕ ರೂತವ್ವನ ಎಳೆಗೂಸು ತೀರಿಕೊಂಡಾಗ ಪಾಳಕರು ಹೂಳುವ ಕುಣಿಯ ಮುಂದೆ ನಿಂತು ಪುಸ್ತಕ ತೆರೆದು ಓದಿದರು. ಅವರು ಹೋದ ಮೇಲೆ ಅಕ್ಕ ಮಣ್ಣು ಹತ್ತಿದ ಕೈಯಲ್ಲೇ ಮಾವನ ಅಂಗಿ ಹಿಡಿದು, "ನನ್ನ ಕೂಸಿಗೆ ಏನಂದ್ರು ಮಾವ?" ಎಂದು ಕೇಳಿದಳು. ಸುಳ್ಳು ಹೇಳಲು ಅವನಿಗೆ ಬರುತ್ತಿರಲಿಲ್ಲ. "ನಿನ್ನ ಕೂಸಿನ ಹೆಸರ ಸೈತ ಬರಲಿಲ್ಲವ್ವ ಅದರಾಗ" ಎಂದ. ಹಾಗೆ ಹೇಳಿ ಟಾವೆಲಿನಿಂದ ಮುಖ ತಿಕ್ಕಿಕೊಂಡ. ಅಳು ಅಂದುಕೊಂಡೆ. ಅಳುವಲ್ಲ, ಸಿಟ್ಟು.

ಆಮೇಲೆ ಅವನು ಮನೆಮನೆಗೆ ಬಂದು ಹೆಂಗಸರನ್ನು ಕೇಳತೊಡಗಿದ. ಕೇಳುವುದೆಂದರೆ ಪೋಲೀಸರು ಕೇಳಿದ ಹಾಗೆ. ನಾನು ಬೀಸುಕಲ್ಲಿನ ಮುಂದೆ ಕೂತಿದ್ದೆ.

"ಬೀಸೂ ಮುಂದ ದೇವರಿಗೆ ಏನ ಬೇಡ್ತಿ?"

"ಏನೂ ಬೇಡಂಗಿಲ್ಲ ಮಾವ. ಲಗೂನ ಮುಗದ್ರ ಸಾಕು ಅಂತೀನಿ."

"ಅದೇ ಪ್ರಾರ್ಥನಿ. ಮುಂದ ಹೇಳು."

ನನಗೂ ರೇಗಿತು. ತೋಳು ನೋಯುತ್ತವೆ, ನಿನ್ನ ದೇವರೂ ಒಂದು ಕೈ ಹಚ್ಚಲಿ ಎಂದೆ. ಮಾವ ನಗಲಿಲ್ಲ. ಹಾಗೆಯೇ ಬರೆದುಕೊಂಡ. "ಯಪ್ಪಾ, ತೋಳು ನೋಯ್ತಾವ. ನೀನೂ ಒಂದು ಕೈ ಹಚ್ಚು" ಎಂದು ಅದು ಇವತ್ತಿಗೂ ಪುಸ್ತಕದಲ್ಲಿದೆ. ಓಣಿಯ ಚಿನ್ನವ್ವ, ಅತ್ತೆಯ ಮಾತು ನನ್ನ ಕಿವಿಗೆ ಬೀಳದಂತಾಗಲಿ ಎಂದು ಬೇಡುತ್ತೇನೆಂದಳು. ಮಾವ ಅದನ್ನೂ ಬರೆದ. ಕೆಳಗೆ, "ನನ್ನ ಮಾತೂ ಅಕಿ ಕಿವಿಗೆ ಬೀಳಬಾರದು" ಎಂದು ತಾನೇ ಸೇರಿಸಿದ. ಚಿನ್ನವ್ವ ಬಹಳ ದಿನ ಅವನ ಜೊತೆ ಮಾತು ಬಿಟ್ಟಿದ್ದಳು. ಸೆಗಣಿ ಬಳಿಯುವಾಗ, ಬಿತ್ತುವಾಗ, ಹೆರುವಾಗ, ಗಂಡ ಕುಡಿದು ಬಂದಾಗ, ಕೂಸು ಹೋದಾಗ, ಹೀಗೆ ಒಂದೊಂದಕ್ಕೂ ಒಂದು ಪ್ರಾರ್ಥನೆ. ಕೂಸಿನ ಪ್ರಾರ್ಥನೆಯಲ್ಲಿ ಹೆಸರು ಹೇಳಲು ಜಾಗ ಬಿಟ್ಟಿದ್ದ.

ಅದನ್ನೆಲ್ಲ ಒಯ್ದು ಪಾಳಕರ ಮುಂದಿಟ್ಟ. ಸಭೆಯ ಹೆಸರಿನಲ್ಲಿ ಅಚ್ಚು ಮಾಡಿಸಿಕೊಡಿ, ನಮ್ಮ ಹೆಂಗಸರು ಚರ್ಚಿನಲ್ಲಿ ತಮ್ಮ ಬಾಯಿಂದ ಹೇಳಿಕೊಳ್ಳಲಿ ಎಂದ. ಅವನಿಗೆ ಬೇಕಾದದ್ದು ಇಷ್ಟೇ. ಪಾಳಕರು ನಾಲ್ಕು ಹಾಳೆ ತಿರುವಿ, ದೇವರನ್ನು ಹಿಟ್ಟು ಬೀಸಲು ಕರೆಯುವುದು ಪ್ರಾರ್ಥನೆಯಲ್ಲ, ಅಪಮಾನ ಎಂದರು. ಗೌಂಡಿ ಗೋಡೆ ಕಟ್ಟಲಿ, ಪುಸ್ತಕ ಕಟ್ಟುವವರು ಬೇರೆ ಇದ್ದಾರೆ ಎಂದೂ ಅಂದರಂತೆ. ಮಾವ ಎದ್ದು ನಿಂತು ಒಂದೇ ಮಾತು ಕೇಳಿ ಬಂದ: "ಶಿಷ್ಯರ ಕಾಲ ತೊಳದ ಯೇಸುಸ್ವಾಮಿಗೆ ಬೀಸಾಕ ಬರಂಗಿಲ್ಲೇನ್ರಿ?"

ಸಭೆ ಕೈಬಿಟ್ಟಿತು. ಕೈ ಹಿಡಿದವರು ಸಭೆಯ ಹೊರಗಿನವರು. ಒಬ್ಬ ಶಿವಲಿಂಗಪ್ಪ, ಎಣ್ಣೆ ಬೆಲ್ಲದ ಅಂಗಡಿಯವನು, ಗುಡ್ಡಾಪುರದ ದಾನಮ್ಮದೇವಿಗೆ ನಡೆದುಕೊಳ್ಳುವ ಒಕ್ಕಲು. ಇನ್ನೊಬ್ಬ ಹುಸೇನಸಾಬ, ಅರಳೆ ಎಕ್ಕಿ ಗಾದಿ ಹೊಲಿಯುವವನು. ಇಬ್ಬರೂ ಮಾವನ ಬಾಲ್ಯದ ಗೆಳೆಯರು, ಅಂದರೆ ಅವನಿಂದ ಬಹಳ ಬೈಗುಳ ತಿಂದವರು. ಶಿವಲಿಂಗಪ್ಪ ಮಾಲು ತರಲು ಬಿಜಾಪುರಕ್ಕೆ ಹೋಗುತ್ತಿದ್ದ. ಅಲ್ಲಿ ಲಗ್ನಪತ್ರಿಕೆ ಅಚ್ಚು ಮಾಡುವ ಒಂದು ಸಣ್ಣ ಛಾಪಖಾನೆ ಅವನಿಗೆ ಪರಿಚಯ. "ನಿಮ್ಮ ಪಾಳಕ ಒಲ್ಲೆ ಅಂದ್ರ ಅಚ್ಚಿನ ಮೊಳಿ ಒಲ್ಲೆ ಅಂತೈತೇನ? ಕೊಡ ಇಲ್ಲಿ" ಎಂದು ಹಾಳೆಗಳನ್ನು ಎಣ್ಣೆ ಹತ್ತದಂತೆ ಧೋತರದಲ್ಲಿ ಸುತ್ತಿ ಒಯ್ದ. ಅಚ್ಚಿನ ಖರ್ಚಿಗೆ ಮಾವ ಮನೆಯ ಎಮ್ಮೆ ಮಾರಿದ. ಅವನ ಹೆಂಡತಿ, ನಮ್ಮ ಅತ್ತೆ, ಎರಡು ದಿನ ಒಲೆ ಹಚ್ಚಲಿಲ್ಲ. ಮೂರನೆಯ ದಿನ, ಹಾಲಿಲ್ಲದಾಗ ಹೇಳುವ ಪ್ರಾರ್ಥನೆಯನ್ನೂ ಒಂದು ಬರೆ ಎಂದು ಚುಚ್ಚಿದಳು.

ಅಚ್ಚಾದ ಹಾಳೆಗಳು ಬೆಲ್ಲದ ಮೂಟೆಗಳ ಜೊತೆ ಗಾಡಿಯಲ್ಲಿ ಬಂದವು. ಹೊಲಿಯುವ ಕೆಲಸ ಹುಸೇನಸಾಬನದು. ಅವನ ಅಂಗಳದಲ್ಲಿ ಹೆಂಗಸರೆಲ್ಲ ಕೂತು ಹಾಳೆ ಮಡಚಿ ಕೊಟ್ಟೆವು, ಅವನು ಗಾದಿಯ ಸೂಜಿಯಿಂದ ಗಾದಿಯ ದಾರದಲ್ಲೇ ಹೊಲಿದ. "ಇದರ ಮ್ಯಾಲ ಮಲಗಿದ್ರೂ ಹರಿಯಂಗಿಲ್ಲ" ಎಂದು ಬೀಗಿದ. ಅವನಿಗೆ ಬರುತ್ತಿದ್ದದ್ದು ಉರ್ದು ಅಕ್ಷರ, ನಮಗೆ ಯಾವ ಅಕ್ಷರವೂ ಇಲ್ಲ. ಹೀಗಾಗಿ ಮೊದಲ ಹಾಳೆಯಲ್ಲಿ ಏನಿದೆ ಎಂದು ಯಾರಿಗೂ ತಿಳಿಯಲಿಲ್ಲ.

ಮಾವ ಕೆಲಸದಿಂದ ಬಂದು, ಗಚ್ಚಿನ ಕೈ ತೊಳೆದು, ಮೊದಲ ಪುಸ್ತಕ ತೆರೆದ. ನಾವೆಲ್ಲ ಅವನ ಮುಖವನ್ನೇ ನೋಡುತ್ತಿದ್ದೆವು. ಒಂದು ಸಲವಾದರೂ ನಗುತ್ತಾನೆಂದು ನನ್ನ ಆಸೆ. ಅವನು ಪುಸ್ತಕ ಮುಚ್ಚಿದ. ಮತ್ತೆ ತೆರೆದ. ಪುಸ್ತಕದ ಹೆಸರಿನ ಮೇಲೆ, ಹಾಳೆಯ ನೆತ್ತಿಯಲ್ಲಿ, ಲಗ್ನಪತ್ರಿಕೆಗೆ ಹಾಕುವಂತೆ ಒಂದು ಸಾಲು ಇತ್ತು: ಶ್ರೀ ದಾನಮ್ಮದೇವಿ ಪ್ರಸನ್ನ.

"ಇದನ್ನ ಯಾರು ಹಾಕ್ಯಾರ?"

ಶಿವಲಿಂಗಪ್ಪ ಹಲ್ಲು ಬಿಟ್ಟು ನಿಂತಿದ್ದ. ಹಾಳೆಯ ತಲೆ ಬರಿದಾಗಿತ್ತಂತೆ. ದೇವರ ಹೆಸರಿಲ್ಲದೆ ಅಚ್ಚು ಶುರುವಾಗಬಾರದು, ಸಿಟ್ಟಿನಲ್ಲಿ ಇವನು ಮರೆತಿರಬೇಕು ಎಂದುಕೊಂಡು ತಾನೇ ಹೇಳಿ ಹಾಕಿಸಿದನಂತೆ. ಮಗಳ ಲಗ್ನಪತ್ರಿಕೆಗೆ ಹಾಕಿಸಿದ್ದಕ್ಕಿಂತ ದೊಡ್ಡ ಅಕ್ಷರ ಆರಿಸಿದ್ದೇನೆ ಎಂದೂ ಹೇಳಿದ.

ಮಾವನ ಬೈಗುಳ ನಾನು ಬರೆಯುವುದಿಲ್ಲ, ಮೊಮ್ಮಗ ನಾಳೆ ಓದುತ್ತಾನೆ. ಹುಸೇನಸಾಬ ಕೈಯಲ್ಲಿದ್ದ ಸೂಜಿಯನ್ನು ಎಲ್ಲಿಡಬೇಕೆಂದು ತಿಳಿಯದೆ ಟೊಪ್ಪಿಗೆಗೆ ಚುಚ್ಚಿಕೊಂಡ. ಶಿವಲಿಂಗಪ್ಪನಿಗೂ ಸಿಟ್ಟು ಏರಿತು.

"ನಮ್ಮಕಿ ಹೆಸರ ಒಂದು ಮೂಲ್ಯಾಗ ಇದ್ರ ನಿಮ್ಮ ದೇವರಿಗೆ ಏನ ತ್ರಾಸ ಆಗತೈತಿ?"

"ನಿನ್ನ ಮಗಳ ಲಗ್ನಪತ್ರಿಕಿ ಮ್ಯಾಲ ನಾ ಯೇಸುಸ್ವಾಮಿ ಪ್ರಸನ್ನ ಅಂತ ಹಾಕಿಸಿದ್ರ?"

ಶಿವಲಿಂಗಪ್ಪ ವಿಚಾರ ಮಾಡಿದ. "ನಮ್ಮವ್ವ ಪ್ರಾಣ ಬಿಡ್ತಾಳ" ಎಂದ. ಆಮೇಲೆ ಕೆಳಗೆ ಕೂತು, "ಕತ್ತರಿ ತಾ" ಎಂದ.

ಮೂವರೂ ಕೂತು ಒಂದೊಂದೇ ಪುಸ್ತಕದ ಮೊದಲ ಹಾಳೆಯ ನೆತ್ತಿಯನ್ನು ಕತ್ತರಿಸಿದರು. ಈಗಲೂ ನನ್ನ ಪುಸ್ತಕದ ಮೊದಲ ಹಾಳೆ ಉಳಿದವುಗಳಿಗಿಂತ ಗಿಡ್ಡ. ಕತ್ತರಿಸಿದ ಚೂರುಗಳು ನೆಲಕ್ಕೆ ಬೀಳುತ್ತಿದ್ದವು. ಶಿವಲಿಂಗಪ್ಪ ಅವನ್ನು ನೋಡುತ್ತಿದ್ದ. ಮಾವ ಅವನ ಮುಖ ಕಂಡ. ಕತ್ತರಿ ಇಟ್ಟು, ಸೊಂಟದ ಟಾವೆಲ್ ಬಿಚ್ಚಿ ಹಾಸಿ, ಯಾರ ಕಾಲಿಗೂ ಸಿಗದಂತೆ ಆ ಚೂರುಗಳನ್ನೆಲ್ಲ ಆರಿಸಿ ಗಂಟು ಕಟ್ಟಿದ. "ಇದನ್ನ ನಿಮ್ಮಕಿ ಗುಡಿಗೆ ಮುಟ್ಟಸು. ನನ್ನ ಟಾವೆಲ್ ತಿರುಗಿ ತಾ" ಎಂದು ಗೊಣಗಿ ಅವನ ಕೈಗಿಟ್ಟ. ಶಿವಲಿಂಗಪ್ಪ ಗುಡ್ಡಾಪುರಕ್ಕೆ ಒಯ್ದು ಕೊಟ್ಟು, ಟಾವೆಲ್ ಒಗೆದು ತಂದ.

ಯಾರೋ ಇದನ್ನು ಪಾಳಕರ ಕಿವಿಗೆ ಹಾಕಿದರು. ಮುಂದಿನ ರವಿವಾರ ಅವರು ಸಭೆಯ ಎದುರಿಗೇ ಮಾವನನ್ನು ನಿಲ್ಲಿಸಿದರು. ಕ್ರಿಸ್ತನ ಪುಸ್ತಕದ ನೆತ್ತಿಯ ಮೇಲೆ ಪರದೇವರ ಹೆಸರು, ಅದರ ಚೂರಿಗೆ ಕ್ರೈಸ್ತನೊಬ್ಬನ ಟಾವೆಲು ಎಂದು ಹೇಳಿ, ಆಮೇಲೆ ದನಿ ತಗ್ಗಿಸಿ ಒಂದು ದಾರಿ ತೋರಿಸಿದರು. ಪುಸ್ತಕ ಕೆಡಿಸಬೇಕೆಂದು ಆ ವ್ಯಾಪಾರಿ ಬೇಕಂತಲೇ ಮಾಡಿದ, ನನಗೆ ಮೋಸವಾಯಿತು ಎಂದು ಯೋನಪ್ಪ ಇಲ್ಲಿ ಎಲ್ಲರ ಮುಂದೆ ಹೇಳಲಿ. ಹಾಗೆ ಹೇಳಿದರೆ ಪುಸ್ತಕವನ್ನು ಚರ್ಚಿನಲ್ಲಿ ಓದಲು ಬಿಡುತ್ತೇನೆ ಎಂದರು. ಹೇಳದಿದ್ದರೆ ಪುಸ್ತಕ ಬಾಗಿಲಾಚೆ, ಅವನಿಗೆ ಪ್ರಭುಭೋಜನವೂ ಇಲ್ಲ.

ನಮ್ಮಲ್ಲಿ ಪ್ರಭುಭೋಜನವೆಂದರೆ ಪಾಳಕರು ಒಬ್ಬೊಬ್ಬರ ಹೆಸರು ಹಿಡಿದು ಕರೆದು ರೊಟ್ಟಿಯ ತುಂಡು ಕೊಡುತ್ತಾರೆ. ಅದು ತಪ್ಪಿತೆಂದರೆ ಮನುಷ್ಯ ಮನೆ ಇದ್ದೂ ಹೊರಗಿನವನಾದ ಹಾಗೆ. ಪಾಳಕರ ಮಾತನ್ನು ಗಂಡಸರು ಪಿಸುಗುಟ್ಟಿ ಕನ್ನಡದಲ್ಲಿ ಹೇಳಿದಾಗ ಹೆಂಗಸರಿಗೆಲ್ಲ ತಿಳಿಯಿತು. ಒಂದು ಸುಳ್ಳು ಸಾಕಿತ್ತು. ನಮ್ಮ ಮಾತು ಚರ್ಚಿನ ಒಳಗೆ ಬರುತ್ತಿತ್ತು. ದೇವರೇ, ಅವನು ಹೇಳಿಬಿಡಲಿ ಎಂದು ನಾನೂ ಬೇಡಿದೆ.

ಮಾವ ತೋಳು ಮೇಲೆ ಸರಿಸಿದ.

"ಅವನ ಮನ್ಯಾಗ ಇದ್ದ ಎಲ್ಲಾಕಿಂತ ದೊಡ್ಡ ವಸ್ತು ತಂದು ನನ್ನ ಪುಸ್ತಕದ ಮ್ಯಾಲ ಇಟ್ಟಾನ. ಅದು ನನಗ ಬ್ಯಾಡ ಆತು, ತಿರುಗಿ ಕೊಟ್ಟೀನಿ. ಕೊಟ್ಟಾವನ್ನ ಕಳ್ಳ ಅನ್ನು ಅಂದ್ರ ನಾ ಅನ್ನಂಗಿಲ್ರಿ."

ಎಂದು ಹೇಳಿ ಬಾಗಿಲು ದಾಟಿ ಹೋದ.

ಪುಸ್ತಕ ಮಾತ್ರ ನಿಲ್ಲಲಿಲ್ಲ. ಶಿವಲಿಂಗಪ್ಪ ಅಂಗಡಿಯಲ್ಲಿ ಬೆಲ್ಲದ ಪಕ್ಕಕ್ಕೇ ಇಟ್ಟುಕೊಂಡ. ಎಣ್ಣೆಗೆ ಬಂದ ನಮ್ಮ ಹೆಂಗಸರು ಸೆರಗಿನಲ್ಲಿ ಮರೆಮಾಡಿ ಒಯ್ದರು. ಪಕ್ಕದ ಊರು ಬಾಲಗಾಂವಿಯವರೂ ಒಯ್ದರು. ನಾನು ಬೀಸುಕಲ್ಲಿನ ಪ್ರಾರ್ಥನೆಯನ್ನು ಮುಂದಿಟ್ಟುಕೊಂಡು, ಹೇಗೂ ಬಾಯಿಗೆ ಬರುವ ಮಾತು, ಅದರ ಮೇಲೆ ಬೆರಳಿಟ್ಟು ಅಕ್ಷರ ಗುರುತು ಹಿಡಿದೆ. ರೂತವ್ವ ಕೂಸಿನ ಪ್ರಾರ್ಥನೆಯನ್ನು ಓದಿಸಿಕೊಂಡು ಕೇಳಿ, ಜಾಗ ಬಿಟ್ಟಲ್ಲಿ ಹೆಸರು ಹೇಳಿದಳು. ಅವಳ ಬಾಯಲ್ಲಿ ಆ ಹೆಸರು ನಾನು ಎಷ್ಟೋ ದಿನದ ಮೇಲೆ ಕೇಳಿದೆ.

ಮಾವ ಚರ್ಚಿಗೆ ಬರುವುದನ್ನು ಬಿಡಲಿಲ್ಲ. ಉಪದೇಶ ಕೇಳಿ, ಪ್ರಭುಭೋಜನ ಶುರುವಾಯಿತೆಂದರೆ ಎದ್ದು ಹೊರಗೆ ಹೋಗಿ, ತಾನೇ ಕಟ್ಟಿದ ಮೆಟ್ಟಿಲ ಮೇಲೆ ಕೂರುತ್ತಿದ್ದ. ವರ್ಷಗಟ್ಟಲೆ ಹೀಗೆ. ಆ ಪಾಳಕರು ಒಂದು ದಿನವೂ ತಲೆ ಎತ್ತಿ ಬಾಗಿಲ ಕಡೆ ನೋಡಲಿಲ್ಲ. ಈಗ ಅವರಿಲ್ಲ. ಸತ್ತವರ ಮೇಲೆ ಸಿಟ್ಟು ಇರಬಾರದೆನ್ನುತ್ತಾರೆ. ನನ್ನದು ಇದೆ.

ಕೊನೆಯ ಸಲ ಅವನನ್ನು ಕಂಡದ್ದು ಒಂದು ಈಸ್ಟರ್ ಹಬ್ಬದ ದಿನ. ಬಹಳ ಸೊರಗಿದ್ದ, ಕೆಮ್ಮಿದರೆ ಬೆನ್ನು ಬಾಗುತ್ತಿತ್ತು. ಒಳಗೆ ನನಗೆ ಕೊಟ್ಟ ತುಂಡನ್ನು ಬಾಯಿಗೆ ಹಾಕಿಕೊಳ್ಳದೆ ಸೆರಗಿನಲ್ಲಿಟ್ಟುಕೊಂಡು ಹೊರಗೆ ಬಂದೆ.

"ಮಾವ, ತಗೋ."

"ಕೇಳಿ ತಂದಿಯೇನ?"

"ಇಲ್ಲ."

"ಹಂಗಾದ್ರ ಕದ್ದಿ."

"ಕದ್ರ ಕದ್ದೆ. ತಿನ್ನ ನೀ."

ಅವನು ನನ್ನ ಕೈಯನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದ. "ನಾ ಹಸದು ಕುಂತಿಲ್ಲವ್ವ ಇಲ್ಲಿ. ಕೊಡೂದಿದ್ರ ಆ ಬಾಗಲದಾಗ ನಿಂತು ನನ್ನ ಹೆಸರ ಹಿಡದು ಕರದು ಕೊಡ್ಲಿ. ಅದನ್ನ ನೆಲಕ್ಕ ಹಾಕಬ್ಯಾಡ, ನೀ ತಿನ್ನು."

ಅವನ ಎದುರಿಗೇ ನಿಂತು ತಿಂದೆ. ನುಂಗುವ ತನಕ ನೋಡಿದ. ಆಮೇಲೆ ಗೋಡೆ ಹಿಡಿದುಕೊಂಡು ಎದ್ದು ಮನೆಯ ಕಡೆ ಹೋದ.

ಮುಂದಿನ ಪ್ರಭುಭೋಜನದ ಹೊತ್ತಿಗೆ ಮಾವ ತೀರಿಕೊಂಡಿದ್ದ. ಪಾಳಕರು ರೊಟ್ಟಿ ಮುರಿದು ಒಬ್ಬೊಬ್ಬರನ್ನೇ ಕರೆಯತೊಡಗಿದರು. ನನ್ನ ಹೆಸರು ಬಂತು. ನಾನು ಎದ್ದೆ, ಅವರ ಕಡೆ ಹೋಗಲಿಲ್ಲ. ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತೆ. ಸ್ವಲ್ಪ ಹೊತ್ತಿಗೆ ರೂತವ್ವ ಬಂದಳು. ಅವಳ ಹಿಂದೆ ಚಿನ್ನವ್ವ ಬಂದು, ಅತ್ತ ಸರಿ ಎಂದು ನನ್ನನ್ನು ದೂಡಿ ಜಾಗ ಮಾಡಿಕೊಂಡಳು.