ಅಕ್ಕನ ಲ್ಯಾಪ್‌ಟಾಪಿಗೆ ದನಿ ಬಂತು

ಹೋದ ವಾರ ಅಕ್ಕನ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿ, ಏನೋ ಘನಂದಾರಿ ಕೆಲಸ ಮಾಡಿದವನಂತೆ ತಂದು ಅವಳ ಮುಂದಿಟ್ಟೆ. ಅಕ್ಕ ಒಂದು ಕೀ ಒತ್ತಿದಳು. ಇನ್ನೊಂದು ಒತ್ತಿದಳು. ಬಗ್ಗಿ ಕಿವಿ ಕೊಟ್ಟಳು.

"ಲೇ ಬಸು, ಇದು ಸತ್ತೈತೇನು?"

ಸತ್ತಿರಲಿಲ್ಲ. ಪರದೆ ಝಗಮಗ ಹೊಳೆಯುತ್ತಿತ್ತು. ವೈಫೈ ಬಂದಿತ್ತು, ಕ್ಯಾಮೆರಾ ಬಂದಿತ್ತು. ಸೌಂಡ್ ಮಾತ್ರ ಬಂದಿರಲಿಲ್ಲ.

ಅಯ್ಯೋ, ಸೌಂಡ್ ತಾನೆ ಅನ್ನಬೇಡಿ. ನನ್ನ ಅಕ್ಕನಿಗೆ ಕಣ್ಣು ಕಾಣುವುದಿಲ್ಲ.

ಅಕ್ಕ ಗಿರಿಜಾ ಇಲ್ಲೇ ಹಗರಿಬೊಮ್ಮನಹಳ್ಳಿಯ ಹೈಸ್ಕೂಲೊಂದರಲ್ಲಿ ಕನ್ನಡ ಮೇಡಂ. ಗ್ಲಾಕೋಮಾ ಬಂದು ದೃಷ್ಟಿ ಸ್ವಲ್ಪಸ್ವಲ್ಪವಾಗಿ ಹೋಯಿತು. ಪಾಠ ಹೇಳುವುದು ಹೋಗಲಿಲ್ಲ. ಪರದೆಯ ಮೇಲಿನ ಅಕ್ಷರಗಳನ್ನು ಓದಿ ಹೇಳುವ ಸಾಫ್ಟ್‌ವೇರ್ ಇದೆಯಲ್ಲ, ಅದನ್ನು ಕಲಿತಳು. ಶೀತವಾದ ಗಂಡಸು ಮಾತಾಡಿದಂತಿರುತ್ತದೆ ಅದರ ಕನ್ನಡ. ಅಕ್ಕ ಅದಕ್ಕೆ 'ನೆಗಡಿ ಮಾಸ್ತರ' ಎಂದು ಹೆಸರಿಟ್ಟಿದ್ದಾಳೆ. ಟಿಪ್ಪಣಿ, ಪತ್ರ, ಪೇಪರು ಎಲ್ಲವೂ ಅವನ ಬಾಯಿಂದಲೇ.

ಲ್ಯಾಪ್‌ಟಾಪಿನ ಡಿಸ್ಕ್ ಕೆಟ್ಟಿತ್ತು. ಹೊಸ ಡಿಸ್ಕ್ ಹಾಕಿಸಿ, ಪುಕ್ಕಟೆ ಸಿಗುವ, ಹಗುರವಾದ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಹಾಕೋಣ ಅಂದವನು ನಾನೇ. ಓದಿ ಹೇಳುವ ಸಾಫ್ಟ್‌ವೇರ್ ಅದರಲ್ಲೇ ಇರುತ್ತದೆ. ಇತ್ತು ಕೂಡ. ಆದರೆ ಸ್ಪೀಕರಿನ ಹೆಸರಿರಬೇಕಾದ ಕಡೆ 'ಡಮ್ಮಿ ಔಟ್‌ಪುಟ್' ಎಂದು ಬರೆದಿತ್ತು. ಸ್ಪೀಕರೇ ಸಿಕ್ಕಿಲ್ಲ ಎಂದರ್ಥ. ಡ್ರೈವರ್ ಸಮಸ್ಯೆ. (ಗೊತ್ತಿಲ್ಲದವರಿಗೆ ಹೇಳುತ್ತೇನೆ: ಕಂಪ್ಯೂಟರಿನ ಒಂದೊಂದು ಭಾಗದಿಂದಲೂ ಕೆಲಸ ಮಾಡಿಸುವ ಸಾಫ್ಟ್‌ವೇರಿಗೆ ಡ್ರೈವರ್ ಎನ್ನುತ್ತಾರೆ. ಬಸ್ಸಿನ ಡ್ರೈವರಿಗೂ ಅದಕ್ಕೂ ಸಂಬಂಧವಿಲ್ಲ. ಆದರೆ ಬರದಿದ್ದರೆ ಇಲ್ಲೂ ಗಾಡಿ ನಿಂತಲ್ಲೇ!)

"ಹೊಸದು ತಗೊಂಡರಾತು ಬಿಡು" ಎಂದರು ಭಾವ.

"ನಾಳೆ ಸೋಮವಾರ ಪ್ರಶ್ನೆಪತ್ರಿಕಿ ಕೊಡಬೇಕ್ರಿ" ಎಂದಳು ಅಕ್ಕ.

"ನಾನು ಓದ್ತೀನಿ, ನೀ ಹೇಳ್ತಾ ಹೋಗು. ಟೈಪ್ ಮಾಡಿಕೊಡ್ತೀನಿ" ಎಂದೆ.

"ನಿನ್ನ ಮಗಳು ನನ್ನ ಕ್ಲಾಸಿನಾಗ ಅದಾಳ. ಪ್ರಶ್ನೆಪತ್ರಿಕಿ ನಿನಗ ತೋರಿಸ್ಲೇನು?"

ನಗುತ್ತಲೇ ಅಂದಳು. ಆದರೆ ಮುಖ ಸಪ್ಪಗಾಗಿತ್ತು. ಇಷ್ಟು ವರ್ಷ ಯಾರ ಹಂಗೂ ಇಲ್ಲದೆ ತೆಗೆದ ಪ್ರಶ್ನೆಪತ್ರಿಕೆ. ಈ ಸಲ ಬೇರೆಯವರಿಗೆ ಒಪ್ಪಿಸಿದರೆ, ಮುಂದಿನ ಸಲ ಹೆಡ್‌ಮಾಸ್ತರರೇ 'ಪಾಪ, ಮೇಡಂಗೆ ಯಾಕೆ ತೊಂದರೆ' ಎಂದುಬಿಟ್ಟರೆ? ಆ 'ಪಾಪ' ಎಂಬ ಮಾತಿಗೇ ಅಕ್ಕ ಹೆದರುವುದು.

ಲಿನಕ್ಸ್ ಬಳಸುವವರು ಒಬ್ಬರಿಗೊಬ್ಬರು ನೆರವಾಗುವ ಫೋರಂ ಒಂದು ಇಂಟರ್ನೆಟ್ಟಿನಲ್ಲಿದೆ. ಅಲ್ಲಿ ಇಂಗ್ಲಿಷಿನಲ್ಲಿ ಸಮಸ್ಯೆ ಬರೆದೆ. ಭಾವ ತಂದಿದ್ದ ಮಂಡಕ್ಕಿ ಮಿರ್ಚಿ ತಿಂದು ಮುಗಿಸುವಷ್ಟರಲ್ಲಿ ಉತ್ತರ ಬಂತು! ಹೆಸರಿನ ಜಾಗದಲ್ಲಿ ನಾಲ್ಕು ಅಕ್ಷರ, ಒಂದೆರಡು ಅಂಕಿ. ಗಂಡೋ ಹೆಣ್ಣೋ, ಯಾವ ದೇಶವೋ ಗೊತ್ತಿಲ್ಲ. 'ಈ ಕಮಾಂಡ್ ಕೊಡಿ. ಬಂದದ್ದನ್ನು ಪೂರ್ತಿ ಕಳಿಸಿ' ಎಂದಿತ್ತು.

ಕೊಟ್ಟೆ. ಇರುವೆ ಸಾಲಿನಂತೆ ಅಕ್ಷರಗಳು ಪರದೆ ತುಂಬಿದವು. ನನಗೆ ಮುಖ್ಯ ಅನ್ನಿಸಿದಷ್ಟರ ಫೋಟೋ ತೆಗೆದು ಹಾಕಿದೆ. (ಅಂಕಣ ಬರೆಯುವವನಲ್ಲವೇ, ಎಲ್ಲೆಲ್ಲೂ ಎಡಿಟಿಂಗ್.) 'ಇದರಲ್ಲಿ ಏನೂ ಕಾಣುತ್ತಿಲ್ಲ. ದಯವಿಟ್ಟು ಪೂರ್ತಿ ಕಳಿಸಿ' ಎಂದು ಮತ್ತೆ ಉತ್ತರ.

"ಏನೇನು ಬರದೈತಿ, ಓದು" ಎಂದಳು ಅಕ್ಕ.

"ಏನೋ ಸೌಂಡ್ ಕಾರ್ಡ್ ಸಿಕ್ಕೈತಿ ಅಂತ ಐತಿ. ಉಳಿದದ್ದು ಬರೇ ನಂಬರು."

"ಸಾರಾಂಶ ಕೇಳಲಿಲ್ಲ ನಾನು. ಕಣ್ಣು ಹೋದ ಮ್ಯಾಲೆ ಎಲ್ಲಾರೂ ನನಗ ಸಾರಾಂಶನ ಹೇಳ್ತೀರಿ. ಪೇಪರ್ ಓದಂದ್ರ 'ಏನಿಲ್ಲ, ಎಲೆಕ್ಷನ್ ಸುದ್ದಿ' ಅಂತೀರಿ. ಪತ್ರ ಓದಂದ್ರ 'ಕಾರ್ಯಕ್ರಮಕ್ಕ ಕರದಾರ' ಅಂತೀರಿ. ಒಂದಕ್ಷರನೂ ಬಿಡದ ಓದೋನು ಆ ನೆಗಡಿ ಮಾಸ್ತರ ಒಬ್ಬನ. ಅದಕ್ಕ ಅವ ನನಗ ಬೇಕು."

ಭಾವ ತಲೆ ತಗ್ಗಿಸಿದರು. ನಾನು ಓದತೊಡಗಿದೆ. ಒಂದೊಂದು ಸಾಲು, ಒಂದೊಂದು ಅಂಕಿ, ಚುಕ್ಕಿ, ಅಡ್ಡಗೆರೆ. ನಾಲಿಗೆ ಒಣಗಿತು. ಅಕ್ಕ ಕಣ್ಣು ಮುಚ್ಚಿ ಕೂತಿದ್ದಳು, ಮಕ್ಕಳಿಂದ ಪದ್ಯ ಒಪ್ಪಿಸಿಕೊಳ್ಳುವ ಹಾಗೆ. ಹೀಗೆ ಕೂತು ಅವಳಿಗೆ ಏನನ್ನಾದರೂ ಪೂರ್ತಿ ಓದಿ ಹೇಳಿದ್ದು ನನಗೆ ನೆನಪಿಲ್ಲ.

"ತಡಿ. ಈಗ ಏನಂದಿ?"

"ಯಾವ್ದು?"

"ಈಗ ಓದಿದ್ದು. 'ಫರ್ಮ್‌ವೇರ್' ಅಂದಿ. ಆಮ್ಯಾಲೆ 'ಫೇಲ್ಡ್' ಅಂದಂಗಾತು."

ಹೌದು! ಫೋಟೋದಲ್ಲಿ ನಾನು ಕತ್ತರಿಸಿ ಬಿಟ್ಟಿದ್ದ ಸಾಲು ಅದೇ. ಅದನ್ನೂ ಸೇರಿಸಿ ಪೂರ್ತಿ ಕಳಿಸಿದೆವು. ಆ ಪುಣ್ಯಾತ್ಮರು ಕೂಡಲೇ ಬರೆದರು: 'ಸಿಕ್ಕಿತು. ನಿಮ್ಮಲ್ಲಿ ಡ್ರೈವರ್ ಇದೆ, ಸೌಂಡ್ ಚಿಪ್ಪಿಗೆ ಅದು ತುಂಬಬೇಕಾದ ಫರ್ಮ್‌ವೇರ್ ಫೈಲ್ ಇಲ್ಲ. ಈ ಪ್ಯಾಕೇಜ್ ಹಾಕಿ ರೀಸ್ಟಾರ್ಟ್ ಮಾಡಿ.' ಜೊತೆಗೆ, ಅದರಿಂದ ಆಗದಿದ್ದರೆ ಇನ್ನೇನು ಮಾಡಬೇಕೆಂದೂ ತಾಳ್ಮೆಯಿಂದ ವಿವರಿಸಿದ್ದರು.

ಹಾಕಿದೆವು. ರೀಸ್ಟಾರ್ಟ್ ಮಾಡಿದೆವು. ಪರದೆ ಕಪ್ಪಾಯಿತು, ಬೆಳಗಿತು. ಅಕ್ಕ ಕೀ ಒತ್ತಿದಳು.

ಮೂಗು ಕಟ್ಟಿದ ದನಿಯಲ್ಲಿ ಲ್ಯಾಪ್‌ಟಾಪ್ ಮಾತಾಡಿತು.

ಭಾವ ಚಪ್ಪಾಳೆ ತಟ್ಟಿದರು. ಅಕ್ಕ ಅದೇ ಕೀಯನ್ನು ಮತ್ತೆ ಮತ್ತೆ ಒತ್ತಿ ಕೇಳಿದಳು. ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿ, "ಇನ್ನ ನೀ ಮನಿಗೆ ಹೋಗಪ್ಪ. ನಾ ಪ್ರಶ್ನೆ ತೆಗೀಬೇಕು" ಎಂದಳು. ಯಾರಾದರೂ ನನ್ನನ್ನು ಎಬ್ಬಿಸಿ ಕಳಿಸಿದಾಗ ಇಷ್ಟು ಖುಷಿಯಾದದ್ದು ಇದೇ ಮೊದಲು.

ಮರುದಿನ ಅಕ್ಕ ತಾನೇ ಫೋರಮ್ಮಿನಲ್ಲಿ ಥ್ಯಾಂಕ್ಸ್ ಬರೆದಳು. ತಾನು ಯಾರು, ಆ ದನಿ ತನಗೆ ಏನು ಎಂಬುದನ್ನೆಲ್ಲ ಹೇಳಿದಳು. ನಾನು ಅಲ್ಲಿ ಅವಳ ಕಣ್ಣಿನ ವಿಷಯ ಎತ್ತಿರಲೇ ಇಲ್ಲ. ಸೌಂಡ್ ಬರುತ್ತಿಲ್ಲ ಅಂದಿದ್ದೆ, ಅಷ್ಟೇ.

ಉತ್ತರ ಬಂತು: 'ಬಹಳ ಸಂತೋಷ ಮೇಡಂ. ನನಗಿದು ಗೊತ್ತೇ ಇರಲಿಲ್ಲ. ಯಾರೋ ಹಾಡು ಕೇಳಬೇಕೆಂದಿದ್ದಾರೆ ಅಂದುಕೊಂಡಿದ್ದೆ.'

ಅದನ್ನು ಮತ್ತೊಮ್ಮೆ ಓದಿದೆ. ಗುರುತಿಲ್ಲದ ಯಾರೋ ಹಾಡು ಕೇಳಲಿ ಎಂದು ರಜೆಯ ದಿನ ಇಷ್ಟು ಪಾಡು ಪಟ್ಟರೇ? ಆ ಡ್ರೈವರ್ ಬರೆದು ಪುಕ್ಕಟೆ ಹಂಚಿದವರಿಗೂ ನನ್ನ ಅಕ್ಕ ಗೊತ್ತಿಲ್ಲ, ನಮ್ಮೂರು ಗೊತ್ತಿಲ್ಲ. ನಾನಾದರೆ ಯಾರೇ ಸಹಾಯ ಕೇಳಲಿ, ಯಾರಿಗೆ, ಯಾಕೆ, ಅಷ್ಟು ಅರ್ಜೆಂಟೇ ಎಂದು ವಿಚಾರಿಸಿಕೊಂಡೇ ಏಳುವವನು.

ಕಾರಣ ಕೇಳದೆ ನೀವು ಯಾರಿಗಾದರೂ ಕೊನೆಯ ಸಲ ಸಹಾಯ ಮಾಡಿದ್ದು ಯಾವಾಗ?